ತಳದ ರಾಡಿ

ಸೇಡಂ, ಕಲಬುರಗಿ ಜಿಲ್ಲೆ

ಪ್ರೀತಿಯ ಮಗಳೇ,

ಅಮೆರಿಕದ ಸವಾನಾ ನದಿಯ ಬಳಿ ಇರುವ ಅಣುತ್ಯಾಜ್ಯದ ಹಳೆಯ ಟ್ಯಾಂಕ್‌ಗಳಿಗೆ ತುಂಬುವ ಗ್ರೌಟ್, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ತೆಳು ಸಿಮೆಂಟ್ ಗಾರೆಯ ಕುರಿತೇ ಸಂಶೋಧನೆ ಮಾಡುತ್ತೇನೆಂದು ನೀನು ಹೇಳಿದ ದಿನದಿಂದ ನನಗೆ ಅದೇ ಧ್ಯಾನ. ಸಿಮೆಂಟ್, ಕಬ್ಬಿಣದ ಕುಲುಮೆಯ ಕಿಟ್ಟವಾದ ಸ್ಲ್ಯಾಗ್, ಹಾರುಬೂದಿ. ಮೂವತ್ತು ವರ್ಷ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ತೂಗಿದ ಪುಡಿಗಳೇ ಇವು! ಸ್ಲ್ಯಾಗ್ ಬೆರೆಸಿದರೆ ತ್ಯಾಜ್ಯದಲ್ಲಿರುವ ಟೆಕ್ನೀಷಿಯಂ ಎಂಬ ವಿಕಿರಣಶೀಲ ಲೋಹ ನೀರಿನಲ್ಲಿ ಸುಲಭವಾಗಿ ಕರಗದ ರೂಪಕ್ಕೆ ತಿರುಗುತ್ತದೆ ಎಂದು ನಿನ್ನಿಂದಲೇ ತಿಳಿದೆ. ನಾವು ಅದರ ಬಲವನ್ನಷ್ಟೇ ನೋಡಿದವರು.

ಸಿಮೆಂಟ್ ಗಾರೆಯ ಕ್ಯೂಬನ್ನು 28 ದಿನ ನೀರಿನಲ್ಲಿಟ್ಟು, ಒರೆಸಿ, ಯಂತ್ರದಡಿ ಇಡುತ್ತಿದ್ದೆವು. ಮೊದಲು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಆಮೇಲೆ ಪಟ್ಟೆಂದು ಸದ್ದು. ಅಷ್ಟರಲ್ಲಿ ಬೇಕಾದ ಭಾರ ಹೊತ್ತಿದ್ದರೆ ಪಾಸು. ಆದರೆ ಟೆಕ್ನೀಷಿಯಂ-99ರ ವಿಕಿರಣ ಅರ್ಧಕ್ಕಿಳಿಯಲು 2 ಲಕ್ಷ ವರ್ಷ ಮೀರಬೇಕು. ಇಲ್ಲೇ ಮಳಖೇಡದಲ್ಲಿ ಅಮೋಘವರ್ಷ ಆಳಿ ಹೆಚ್ಚುಕಡಿಮೆ 1,200 ವರ್ಷವಷ್ಟೇ, ಅವನ ಅರಮನೆ ಎಲ್ಲಿತ್ತೆಂದು ನನಗೆ ತೋರಿಸಿದವರಿಲ್ಲ. ಅಷ್ಟು ಕಾಲಕ್ಕೆ ಯಾವ ಸಿಮೆಂಟಿಗೂ ನಾನು ಜಾಮೀನು ನಿಲ್ಲಲಾರೆ.

ಅದಕ್ಕೇ ನನ್ನ ಚಿಂತೆಯೆಲ್ಲ ತಳದ್ದು. ಬೇಸಿಗೆಯಲ್ಲಿ ನಮ್ಮ ಮನೆಯ ಸಂಪ್ ತೊಳೆಯುವಾಗ ನೀನು ಲಂಗ ಎತ್ತಿ ಕಟ್ಟಿಕೊಂಡು ಇಳಿಯುತ್ತಿದ್ದೆ, ನೆನಪಿದೆಯೇ? ನೀರು ಅರ್ಧ ಗಂಟೆಯಲ್ಲಿ ಖಾಲಿ. ತಳದ ನಾಲ್ಕು ಬೆರಳು ರಾಡಿಗೆ ಇಡೀ ಮಧ್ಯಾಹ್ನ ಹೋಗುತ್ತಿತ್ತು. ಸಾಧಾರಣ ಉಕ್ಕಿನ ಆ ಟ್ಯಾಂಕ್‌ಗಳನ್ನು ಆಮ್ಲ ತಿನ್ನಬಾರದೆಂದು ತ್ಯಾಜ್ಯಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದರು. ಅದರಿಂದಲೇ ಲೋಹಗಳು ರಾಡಿಯಾಗಿ ಕೆಳಗೆ ಕುಳಿತವು. ಅಲ್ಲಿ ಯಾರೂ ಒಳಗಿಳಿಯುವಂತಿಲ್ಲ. ಮೇಲಿನ ಕಿಂಡಿಯಿಂದ ಪಂಪ್ ಇಳಿಸಿ, ನೀರು ಚಿಮ್ಮಿಸಿ, ಕಲಕಿ ಎಳೆಯಬೇಕು. 51 ಟ್ಯಾಂಕ್‌ಗಳಲ್ಲಿ ಮೊದಲ ಎರಡನ್ನು 1997ರಲ್ಲಿ ಗ್ರೌಟ್ ತುಂಬಿ ಮುಚ್ಚಿದರು. ಗ್ರೌಟ್ ಗಟ್ಟಿಯಾದ ಮೇಲೆ ಅದರಡಿ ಉಳಿದದ್ದನ್ನು ತೆಗೆಯುವ ದಾರಿಯಿಲ್ಲ.

ಒಮ್ಮೆ ಕಸ ಗುಡಿಸದ ಪಾಯದ ಮೇಲೆ ಗುತ್ತಿಗೆದಾರನೊಬ್ಬ ಅವಸರದಲ್ಲಿ ಕಾಂಕ್ರೀಟ್ ಸುರಿಸಿದ. ನಾನು ಕಂಡೂ ಸುಮ್ಮನಿದ್ದೆ. ಮೇಲ್ಮೈ ಕನ್ನಡಿಯಂತಿತ್ತು. ಮೂರನೆಯ ಮಳೆಗಾಲಕ್ಕೆ ಬಿರಿಯಿತು. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ. ನೀನು ಸುಮ್ಮನಿರಬೇಡ, ಕೂಸೇ. ನಿನ್ನ ಗ್ರೌಟ್ ಎಷ್ಟೇ ಚೆನ್ನಾಗಿರಲಿ, ತೆಗೆಯಬಹುದಾದ ರಾಡಿಯನ್ನು ಅದರಡಿ ಬಿಡಲು ಒಪ್ಪಬೇಡ.

ನಿಮ್ಮವ್ವ ಹೊಸ ತೊಗರಿಬೇಳೆ ಕಟ್ಟಿಟ್ಟಿದ್ದಾಳೆ. ಎಷ್ಟು ರಾಡಿ ಉಳಿದಾಗ ಟ್ಯಾಂಕ್ ಮುಚ್ಚಲು ಒಪ್ಪುತ್ತಾರೆ, ಅದನ್ನು ಅಳೆಯುವುದು ಹೇಗೆ ಎಂದು ಕೇಳಿ ತಿಳಿದು ನನಗೆ ಬರೆ.

ನಿನ್ನ ಅಪ್ಪ