ಫುಬುಕಿಯ ಹೊಗಳಿಕೆ ಸಾಕೇ?

ಮಾನ್ಯ ಸಂಪಾದಕರೇ,

ಜಪಾನಿನ ಡೆಸ್ಟ್ರಾಯರ್ (ವೇಗದ ಚಿಕ್ಕ ಯುದ್ಧನೌಕೆ) ಹಡಗುಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. 1928ರಲ್ಲಿ ಸೇವೆಗೆ ಸೇರಿದ ಫುಬುಕಿಯನ್ನು ಹೊಗಳಿದ್ದು ಸರಿಯೇ. 127 ಮಿ.ಮೀ.ನ ಆರು ತೋಪು, ಒಂಬತ್ತು ಟಾರ್ಪಿಡೊ ಕೊಳವೆ ಅಂದ್ರೆ ಆ ಕಾಲಕ್ಕೆ ಸುಮ್ನೆ ಮಾತಲ್ಲ. ಆದರೆ ಇದರ ಇನ್ನೊಂದು ಮುಖ ಲೇಖನದಲ್ಲಿ ಕಾಣಲಿಲ್ಲ.

ದೇಶಗಳ ನೌಕಾಬಲಕ್ಕೆ ಕಡಿವಾಣ ಹಾಕಿದ 1930ರ ಲಂಡನ್ ಒಪ್ಪಂದ ಡೆಸ್ಟ್ರಾಯರ್‌ಗಳಿಗೂ ಮಿತಿ ಹಾಕಿತು. 600 ಟನ್ನಿನೊಳಗಿನ ಹಡಗು ಮಾತ್ರ ಲೆಕ್ಕಕ್ಕಿರಲಿಲ್ಲ. ಜಪಾನ್ ಆ ಸಂದಿಯಲ್ಲಿ ನುಗ್ಗಿತು. ಪುಟ್ಟ ಹಡಗುಗಳ ಮೇಲೆ ಮಿತಿಮೀರಿ ಆಯುಧ ಹೇರಿತು. ಫಲ? 1934ರ ಮಾರ್ಚ್‌ನಲ್ಲಿ ಜಪಾನಿನ ಸಾಸೆಬೊ ಬಂದರಿನ ಬಳಿ ತೊಮೊಜುರು ಎಂಬ ಅಂಥದ್ದೇ ಪುಟ್ಟ ಹಡಗು ಮಗುಚಿತು. ಅದು ಸೇವೆಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ! ಆಮೇಲೆ ಹತ್ಸುಹಾರು ವರ್ಗದ ಡೆಸ್ಟ್ರಾಯರ್‌ಗಳ ಮೇಲಿನ ಭಾರವನ್ನೂ ಇಳಿಸಬೇಕಾಯಿತು.

ನಾನು ವೆಲ್ಡಿಂಗ್ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಮುಂದಿನ ವರ್ಷದ ಕಥೆಯೇ ನನಗೆ ಜಾಸ್ತಿ ಕಾಡುತ್ತದೆ. 1935ರ ಸೆಪ್ಟೆಂಬರ್‌ನ ಚಂಡಮಾರುತದಲ್ಲಿ ಫುಬುಕಿಯ ಸೋದರ ಹಡಗುಗಳಾದ ಹತ್ಸುಯುಕಿ, ಯೂಗಿರಿ ಎರಡರ ಮುಂಭಾಗವೇ ಮುರಿದು ಹೋಯಿತು. ವೆಲ್ಡಿಂಗ್ ಮೇಲೆ ಅನುಮಾನ ಬಿತ್ತು, ಒಡಲಿನ ಮುಖ್ಯ ಭಾಗಗಳಿಗೆ ಮತ್ತೆ ರಿವೆಟ್ ಬಂತು. ನನ್ನ ಪ್ರಕಾರ ತಪ್ಪು ಬರೀ ಬೆಸುಗೆಯದ್ದಲ್ಲ. ತೂಕ ಉಳಿಸಲು ಒಡಲನ್ನೇ ಸಪೂರ ಮಾಡಿದರೆ ಬೆಸುಗೆ ಏನು ಮಾಡೀತು, ಅಲ್ವಾ? ಮುಂದಿನ ಕಂತಿನಲ್ಲಾದರೂ ಈ ಎರಡು ಅವಘಡಗಳ ಬಗ್ಗೆ ಬರೆಸಿ.

— ಒಬ್ಬ ನಿವೃತ್ತ ವೆಲ್ಡರ್