ಮಗಳಿಗೊಂದು ಪತ್ರ: ಇಪ್ಪತ್ತು ವರ್ಷದ ಕ್ಯಾಪ್ಟನ್

ಪ್ರೀತಿಯ ಪುಟ್ಟಿ,

ಊರಿನ ಮೇಲೆ ಬಾಂಬ್ ಹಾಕಿದವನನ್ನು ವೀರ ಅಂತ ಹೇಗೆ ಕರೀತಾರೆ ಅಪ್ಪ ಅಂತ ಕೇಳಿದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ನೀನೂ ಈಗ ವಿಮಾನ ಹಾರಿಸಲು ಕಲಿಯುತ್ತಿದ್ದೀಯ. ಲೆಸ್ಲಿ ಮ್ಯಾನ್ಸರ್ ಎಂಬ ಹುಡುಗನ ವಿಷಯ ನಿನಗೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ನಮ್ಮ ದೆಹಲಿಯಲ್ಲೇ, 1922ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿದ. 1942ರ ಮೇ 30ರ ರಾತ್ರಿ ಸಾವಿರಕ್ಕೂ ಹೆಚ್ಚು ವಿಮಾನಗಳು ಜರ್ಮನಿಯ ಕಲೋನ್ ನಗರದ ಮೇಲೆ ದಾಳಿಗೆ ಹೋದವು. ಅದರಲ್ಲಿ ಇವನ ಮ್ಯಾಂಚೆಸ್ಟರ್ ಬಾಂಬರ್ ಕೂಡ ಇತ್ತು. ಅಷ್ಟು ದೊಡ್ಡ ವಿಮಾನಕ್ಕೆ ಎರಡೇ ಇಂಜಿನ್, ಅವೂ ನಂಬುವಂಥವಲ್ಲ. (ಇದೇ ವಿಮಾನದ ವಿನ್ಯಾಸಕ್ಕೆ ಬೇರೆ ನಾಲ್ಕು ಇಂಜಿನ್ ಕೂರಿಸಿ ಲ್ಯಾಂಕಾಸ್ಟರ್ ಎಂಬ ಬಾಂಬರ್ ಮಾಡಿದ್ದರು.) ಒಳಗೆ ಏಳು ಜನ. ಕ್ಯಾಪ್ಟನ್ ಇವನೇ.

ಸರ್ಚ್‌ಲೈಟಿಗೆ ಸಿಕ್ಕಿಬಿದ್ದು, ನೆಲದಿಂದ ಹಾರಿದ ಗುಂಡುಗಳ ಏಟು ತಿಂದರೂ ಬಾಂಬ್ ಹಾಕಿಯೇ ತಿರುಗಿದ. ಹಿಂದೆ ಕೂತಿದ್ದ ಗನ್ನರ್‌ಗೆ ಗಾಯವಾಗಿತ್ತು, ವಿಮಾನದೊಳಗೆಲ್ಲ ಹೊಗೆ. ಸ್ವಲ್ಪ ಹೊತ್ತಿಗೆ ಎಡಗಡೆ ಇಂಜಿನ್‌ಗೆ ಬೆಂಕಿ ಹತ್ತಿತು. ಬೆಂಕಿ ಆರಿತು, ಆದರೆ ಆ ಇಂಜಿನ್ ಸತ್ತೇ ಹೋಯಿತು. ಆಗಲೇ ಎಲ್ಲರೂ ಧುಮುಕಬಹುದಿತ್ತು. ಧುಮುಕಿದ್ದರೆ ಜರ್ಮನ್ನರ ಕೈಗೆ ಸಿಗುವ ಭಯ. ಹೇಗಾದರೂ ಮನೆ ಮುಟ್ಟಿಸಬೇಕು ಅಂತ ಹಾರಿಸುತ್ತಲೇ ಹೋದ. ಆಗ ಜರ್ಮನ್ನರ ಹಿಡಿತದಲ್ಲಿದ್ದ ಬೆಲ್ಜಿಯಂ ತಲುಪುವಷ್ಟರಲ್ಲಿ ವೇಗ ತೀರಾ ಇಳಿದಿತ್ತು.

ಮುಂದಿನದು ನನಗಿಂತ ನಿನಗೇ ಚೆನ್ನಾಗಿ ಗೊತ್ತಾಗುತ್ತದೆ. ಒಂದೇ ಇಂಜಿನ್, ವೇಗವೂ ಇಲ್ಲ. ಪೈಲಟ್ ಕೈಬಿಟ್ಟರೆ ವಿಮಾನ ಮಗುಚಿಕೊಳ್ಳುತ್ತದೆ, ಒಳಗಿರುವವರು ಬಾಗಿಲ ಹತ್ತಿರವೂ ಬರಲಾರರು. ಅವನು ಎಲ್ಲರಿಗೂ ಧುಮುಕಿ ಅಂದ. ಒಬ್ಬ ಸಾರ್ಜೆಂಟ್ ಅವನ ಪ್ಯಾರಾಚೂಟ್ ತಂದು ಕೊಡಲು ಹೋದ. ಬೇಡ ಅಂತ ಕೈಯಾಡಿಸಿ, ಇನ್ನು ಕೆಲವೇ ಸೆಕೆಂಡು ಹಿಡಿದಿರಬಲ್ಲೆ, ನೀನು ಮೊದಲು ಹೋಗು ಅಂದ. ಆರೂ ಜನ ಬದುಕಿದರು, ಅವನು ಉಳಿಯಲಿಲ್ಲ. ಅವನಿಗೆ ಇಪ್ಪತ್ತು ತುಂಬಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ.

ಆದರೆ ಪುಟ್ಟಿ, ಅದೇ ರಾತ್ರಿ ಕಲೋನ್‌ನಲ್ಲಿ ನೂರಾರು ಜನ ಸತ್ತರು. ಸುಮಾರು 45 ಸಾವಿರ ಜನ ಮನೆ ಕಳೆದುಕೊಂಡರು. ಅದರಲ್ಲಿ ಮಕ್ಕಳೂ ಇದ್ದರು ಅಲ್ವಾ? ಮಲಗಿರುವ ಊರಿಗೆ ಬೆಂಕಿ ಹಾಕುವುದನ್ನು ನಾನು ಯಾವ ಕಾಲಕ್ಕೂ ಸರಿ ಅನ್ನಲಾರೆ. ಯುದ್ಧ ಯಾರು ಶುರು ಮಾಡಿದರು ಅನ್ನೋದು ಗೊತ್ತಿದ್ದೂ ಅನ್ನಲಾರೆ. ಆ ಕೊನೆಯ ಸೆಕೆಂಡುಗಳಿಗಾಗಿ ಮಾತ್ರ ಅವನನ್ನು ವೀರ ಅನ್ನುತ್ತೇನೆ. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಸಲು ನಾನು ಹೋಗುವುದೂ ಇಲ್ಲ.

ಆರು ಜನರಲ್ಲಿ ಒಬ್ಬ ಸೆರೆ ಸಿಕ್ಕ. ಉಳಿದ ಐವರನ್ನು ಬೆಲ್ಜಿಯಂನ ಜನ ತಮ್ಮ ಜೀವ ಒತ್ತೆಯಿಟ್ಟು ಬಚ್ಚಿಟ್ಟು ದಾಟಿಸಿದರು. ಅವರು ವಾಪಸು ಬಂದು ಹೇಳಿದ್ದರಿಂದಲೇ ಇದೆಲ್ಲ ಹೊರಗೆ ಬಂತು. ಅದೇ ವರ್ಷ ಅವನಿಗೆ ಮರಣೋತ್ತರವಾಗಿ, ಶೌರ್ಯಕ್ಕೆ ಬ್ರಿಟನ್ ಕೊಡುವ ಅತಿ ದೊಡ್ಡ ಪದಕ ವಿಕ್ಟೋರಿಯಾ ಕ್ರಾಸ್ ಕೊಟ್ಟರು.

ಒಂದು ಇಂಜಿನ್ ನಿಂತರೆ ವಿಮಾನ ಹೇಗೆ ಹಿಡಿಯಬೇಕು ಅನ್ನೋದನ್ನು ನಿನಗೆ ಕಲಿಸುವ ದಿನ ನನಗೆ ಫೋನ್ ಮಾಡು. ವಿಮಾನವನ್ನು ನೇರ ಹಿಡಿಯಲು ಪೆಡಲ್ ಒತ್ತುವ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ನಿನ್ನಿಂದಲೇ ಕೇಳಬೇಕು.

ನಿನ್ನ
ಅಪ್ಪ