ಮಗಳಿಗೊಂದು ಪತ್ರ: ಡಿ ಆಂಜಾನೋ ಓಲೋನಿನೋ

ಪುಟ್ಟಿ,

ಎರಡು ವರ್ಷ ಕಮ್ಯುನಿಟಿ ಕಾಲೇಜಲ್ಲಿ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗೋಕೆ ಡಿ ಆಂಜಾ ಒಳ್ಳೇದಾ, ಓಲೋನಿ ಒಳ್ಳೇದಾ ಅಂತ ಕೇಳಿದ್ದೀಯ. ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜುಗಳೇ 116 ಇವೆ, ಹೆಸರು ಹಿಡಿದು ತೂಗಲು ಹೊರಟರೆ ಮುಗಿಯೋದಲ್ಲ. ಎರಡು ವರ್ಷದ ಮೇಲೆ ಯಾವ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗೆ, ಯಾವ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಹೋಗ್ತೀಯ ಅನ್ನೋದನ್ನು ಮೊದಲು ಗಟ್ಟಿ ಮಾಡಿಕೋ. ಅಲ್ಲಿಂದ ಹಿಂದಕ್ಕೆ ಬಾ.

ಫೀಸಿನ ಚಿಂತೆ ಬಿಡು. ಯೂನಿಟ್ ಅಂದರೆ ಕೋರ್ಸಿನ ಕ್ರೆಡಿಟ್, ಕ್ವಾರ್ಟರ್ ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, ಕ್ವಾರ್ಟರ್ ಯೂನಿಟ್‌ಗೆ 31. ಯುಸಿಗೆ ಹೋಗೋಕೆ ಬೇಕಾದ್ದು 60 ಸೆಮಿಸ್ಟರ್ ಯೂನಿಟ್ ಇಲ್ಲವೇ 90 ಕ್ವಾರ್ಟರ್ ಯೂನಿಟ್. ಗುಣಿಸಿದರೆ 2,760 ಮತ್ತು 2,790. ಪುಸ್ತಕ, ಪಾರ್ಕಿಂಗ್ ಬೇರೆ.

ಯಾವ ಕಾಲೇಜಿನ ಕೋರ್ಸು ಯುಸಿಯ ಯಾವ ಕೋರ್ಸಿಗೆ ಸಮ ಅಂತ ತೋರಿಸುವ ಅಸಿಸ್ಟ್ ಡಾಟ್ ಆರ್ಗ್ ವೆಬ್‌ಸೈಟ್ ತೆಗೆದು ಕಾಲೇಜು, ಯುಸಿ, ಮೇಜರ್ ಮೂರನ್ನೂ ಹಾಕು. ಎಡಗಡೆ ಯುಸಿ ಕೇಳುವ ಕೋರ್ಸು, ಬಲಗಡೆ ಕಾಲೇಜಿನಲ್ಲಿ ಅದಕ್ಕೆ ಸರಿಸಮವಾದದ್ದು. ಬಲಗಡೆ ‘ನೋ ಕೋರ್ಸ್ ಆರ್ಟಿಕ್ಯುಲೇಟೆಡ್’ (ಸಮನಾದ ಕೋರ್ಸು ಇಲ್ಲ) ಅಂತ ಎಷ್ಟು ಕಡೆ ಇದೆ ಎಣಿಸು. ಕಂಪ್ಯೂಟರ್ ಸೈನ್ಸಿಗಾದರೆ ಡಿಸ್ಕ್ರೀಟ್ ಮ್ಯಾಥ್, ಅಸೆಂಬ್ಲಿ, ಲೀನಿಯರ್ ಆಲ್ಜೀಬ್ರಾ ಸಾಲುಗಳನ್ನು ವಿಶೇಷವಾಗಿ ನೋಡು. ಒಂದೆರಡು ಬಿಡಿ ಕೋರ್ಸು ಇಲ್ಲದಿದ್ದರೆ ಪಕ್ಕದ ಕಾಲೇಜಲ್ಲಿ ಮಾಡಿಕೊಳ್ಳಬಹುದು, ಅದೇನೂ ತಪ್ಪಲ್ಲ.

ಆದರೆ ಒಂದರ ಮೇಲೊಂದು ಬರುವ ಕೋರ್ಸುಗಳ ಸರಣಿಯನ್ನು ಮಾತ್ರ ಮಧ್ಯದಲ್ಲಿ ಮುರಿಯಬೇಡ. ಡಿ ಆಂಜಾ ಕ್ವಾರ್ಟರ್ ಕಾಲೇಜು: ಕ್ಯಾಲ್ಕುಲಸ್ ಅಲ್ಲಿ 1ಎ, 1ಬಿ, 1ಸಿ, 1ಡಿ ಅಂತ ನಾಲ್ಕು ತುಂಡು, ತಲಾ 5 ಯೂನಿಟ್. ಓಲೋನಿಯಲ್ಲಿ ಅದೇ ಪಾಠ ಮೂರು ಸೆಮಿಸ್ಟರಿಗೆ ಹಂಚಿದೆ. ಎರಡು ತುಂಡು ಮುಗಿಸಿ ಓಲೋನಿಗೆ ಹಾರಿದರೆ ನೀನು ಎರಡನೇ ಸೆಮಿಸ್ಟರಿನ ನಡುವೆ ಎಲ್ಲೋ ನಿಂತಿರ್ತೀಯ. ಓದಿದ್ದನ್ನೇ ಮತ್ತೆ ಓದಬೇಕಾಗುತ್ತೆ. ಇನ್ನು ಕ್ವಾರ್ಟರ್ ಅಂದರೆ ಹನ್ನೆರಡೇ ವಾರ, ನಾಲ್ಕನೇ ವಾರಕ್ಕೇ ಮಿಡ್‌ಟರ್ಮ್ ಬಂದು ಕೂತಿರುತ್ತೆ. ನಿಧಾನವಾಗಿ ಕುದುರಿಕೊಳ್ಳುವವರಿಗೆ ಸೆಮಿಸ್ಟರೇ ವಾಸಿ ಅನ್ನೋದು ನನ್ನ ಮತ.

ಕ್ಯಾಟಲಾಗಿನಲ್ಲಿದೆ ಅಂತ ನಂಬಬೇಡ. ಕಳೆದ ಎರಡು ವರ್ಷದ ಕ್ಲಾಸ್ ಶೆಡ್ಯೂಲ್ ತೆಗೆದು, ಆ ಕೋರ್ಸು ಯಾವ್ಯಾವ ಟರ್ಮಿನಲ್ಲಿ ನಿಜವಾಗಿ ನಡೆದಿದೆ ನೋಡು. ಮೂರು ಫಿಸಿಕ್ಸ್ ಕೇಳುವ ಕಡೆ ಲೆಕ್ಕ ಬಿಗಿ: ಮೊದಲ ಸೆಮಿಸ್ಟರಿಗೆ ಕ್ಯಾಲ್ಕುಲಸ್, ಆಮೇಲೆ ಮೂರು ಸೆಮಿಸ್ಟರೂ ಫಿಸಿಕ್ಸ್, ಅಲ್ಲಿಗೆ ನಾಲ್ಕಾಯ್ತು. ಪ್ರೀಕ್ಯಾಲ್ಕುಲಸ್‌ನಿಂದ ಶುರು ಮಾಡಿದರೆ ಐದು. ಬೇಸಿಗೆಯಲ್ಲಿ ಆ ಕ್ಲಾಸು ಇಲ್ಲದ ಕಾಲೇಜಾದರೆ ವರ್ಷವೇ ಹೋಯ್ತು.

ಟ್ರಾನ್ಸ್‌ಫರ್ ಪ್ರಮಾಣ, ಅಂದರೆ ನೂರಕ್ಕೆ ಎಷ್ಟು ಮಂದಿ ಯೂನಿವರ್ಸಿಟಿಗೆ ಹೋದರು ಅಂತ, ಹಾಕಿ ಹೋಲಿಸುವ ಪಟ್ಟಿಗಳಿಗೆ ಮರುಳಾಗಬೇಡ. ವೆಲ್ಡಿಂಗ್ ಸರ್ಟಿಫಿಕೇಟಿಗೆ ಬಂದವರು, ಸಂಜೆ ಸ್ಪ್ಯಾನಿಶ್ ಕಲಿಯೋಕೆ ಬಂದವರು ಎಲ್ಲರೂ ಕಾಲೇಜಿನ ಲೆಕ್ಕದಲ್ಲಿರ್ತಾರೆ, ಅವರಿಗೆ ಟ್ರಾನ್ಸ್‌ಫರ್ ಬೇಕೇ ಇರೋಲ್ಲ.

ಯುಸಿಯಲ್ಲಿ ಸೀಟು ಖಾತ್ರಿ ಮಾಡುವ ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಯಾವ ಕಮ್ಯುನಿಟಿ ಕಾಲೇಜಿಂದ ಹಾಕಿದರೂ ಒಂದೇ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಇಷ್ಟರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಸಾಂಟಾ ಬಾರ್ಬರಾದ ಎಂಜಿನಿಯರಿಂಗ್ ಕಾಲೇಜಿಗೂ ಟ್ಯಾಗ್ ಇಲ್ಲ, ಅಲ್ಲಿನ ಕಂಪ್ಯೂಟರ್ ಸೈನ್ಸ್ ಅದರೊಳಗೇ ಬರುತ್ತೆ. ಟ್ಯಾಗ್ ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ.

ಎರಡೂ ಕಾಲೇಜಿನ ಅಸಿಸ್ಟ್ ಹಾಳೆ ಪ್ರಿಂಟ್ ತೆಗೆದು, ಖಾಲಿ ಸಾಲುಗಳಿಗೆ ಕೆಂಪು ಗೆರೆ ಎಳೆದಿಡು. ಕೌನ್ಸೆಲರ್ ಹತ್ತಿರ ಹೋಗುವಾಗ ಅದು ಕೈಲಿರಲಿ.

ನಿನ್ನ ಅಮ್ಮ